ಒಂಟಿಗುಂಡಿನ ಮೇಲೆ ಕಂಡಕ್ಟರ್ ವಿರುಪಣ್ಣ

ನಮ್ಮ ಪಕ್ಕದ ಮನೆಯ ವಿರುಪಣ್ಣನ ಸಂಸಾರದಲ್ಲಿ ಕೆಲಸದ ಹಂಚಿಕೆ ಬಹಳ ಸ್ಪಷ್ಟವಾಗಿದೆ. ಹರಕೆ ಹೊರುವವಳು ಹೆಂಡತಿ ಹಂಪವ್ವ, ತೀರಿಸುವವನು ಗಂಡ. ಎಮ್ಮೆ ಹೆಣ್ಣುಗರು ಹಾಕಿದರೆ ವಿರುಪಣ್ಣ ಬರಿಗಾಲಲ್ಲಿ ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ನಡೆಯಬೇಕು. ಬೋರ್‌ವೆಲ್ಲಿಗೆ ನೀರು ಬಿದ್ದರೆ ವಿರುಪಣ್ಣ ತಲೆ ಬೋಳಿಸಿಕೊಳ್ಳಬೇಕು. ಒಮ್ಮೆ ನನ್ನ ಹೆಂಡತಿಯ ಮೂಗುತಿ ಕಳೆದುಹೋಯಿತು. ಹಂಪವ್ವ ಅಲ್ಲೇ ನಿಂತು ಹುಲಿಗೆಮ್ಮನಿಗೆ ಕೈ ಮುಗಿದಳು. ಮೂಗುತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಮುಂದಿನ ಹುಣ್ಣಿಮೆಗೆ ವಿರುಪಣ್ಣ ತುಂಗಭದ್ರೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿ ಏಳುತ್ತ, ಮತ್ತೆ ಮಲಗಿ ಏಳುತ್ತ, ಗುಡಿಯ ಬಾಗಿಲತನಕ ದೀಡ ನಮಸ್ಕಾರ ಹಾಕಿದ. ಮೂಗುತಿ ನಮ್ಮದು, ತರಚಿದ ಮೊಣಕಾಲು ಅವನದು.

ಈ ಅನ್ಯಾಯದ ಬಗ್ಗೆ ನಾನೊಮ್ಮೆ ಕೇಳಿಯೂ ಇದ್ದೆ. ಅವನು ಸಮಾಧಾನವಾಗಿಯೇ ಹೇಳಿದ. "ಆಕಿಗೆ ನಂಬಿಕಿ ಭಾಳ ಐತ್ರಿ ಮಾಸ್ತರ್ರ, ಆದ್ರ ಮೈಯಾಗ ಶಕ್ತಿ ಇಲ್ಲ. ನನಗ ಶಕ್ತಿ ಐತಿ, ನಂಬಿಕಿ ಸ್ವಲ್ಪ ಕಡಿಮಿ. ಅದಕ್ಕ ಭಾಗ ಮಾಡ್ಕೊಂಡೀವಿ."

ಇಂಥ ಮನುಷ್ಯ ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಕೆಲಸದಲ್ಲಿ ಅವನು ಸಿಂಹ. ಅವನು ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ಎರಡು ಸಲ ಊದಿದರೆ ಹೊರಡುತ್ತದೆ. ಮನೆಯಲ್ಲಿ ಅವನು ಊದಿದರೆ ಯಾವುದೂ ನಿಲ್ಲುವುದಿಲ್ಲ, ಯಾವುದೂ ಹೊರಡುವುದೂ ಇಲ್ಲ. ಇದರಿಂದ ಅವನಿಗೆ ಬೇಸರವಿರಲಿಲ್ಲ. ಅವನ ಜೀವವೆಲ್ಲ ಒಬ್ಬಳೇ ಮಗಳು ಅಮೃತಾಳ ಮೇಲಿತ್ತು.

ಅಮೃತಾ ನನ್ನ ಶಾಲೆಯಲ್ಲೇ ಓದಿದವಳು. ಜಾಣೆ, ಆದರೆ ಬಾಯಿ ಬಿಡದ ಹುಡುಗಿ. ಹಾಜರಿ ಕೂಗಿದರೆ ಅವಳ ಉತ್ತರ ಅವಳ ಪಕ್ಕದವಳಿಗೆ ಮಾತ್ರ ಕೇಳುತ್ತಿತ್ತು. ಪಕ್ಕದವಳು ಅದನ್ನು ನನಗೆ ಮುಟ್ಟಿಸುತ್ತಿದ್ದಳು. ಪಿಯುಸಿ ಮುಗಿಸಿ ಅವಳು ಗಂಗಾವತಿಯ ಹೊರಗಿನ ಒಂದು ಮಿಶನ್ ಕಾಲೇಜಿಗೆ ಸೇರಿದಳು. ಅಲ್ಲಿ ವಿಜ್ಞಾನ ಚೆನ್ನಾಗಿ ಕಲಿಸುತ್ತಾರೆ, ಹೆಣ್ಣುಮಕ್ಕಳಿಗೆ ಹಾಸ್ಟೆಲಿದೆ ಎಂದು ಹೇಳಿ ಸೇರಿಸಿದವನು ನಾನೇ. ನಮ್ಮ ಓಣಿಯವರು ಅದನ್ನು ಫಾದರ್ ಕಾಲೇಜು ಎನ್ನುತ್ತಾರೆ. ಕೊಪ್ಪಳ ಬೇರೆ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಮೊದಲ ವರ್ಷದ ಮಕ್ಕಳನ್ನೆಲ್ಲ ಒಂದು ವಾರ ಕ್ಲಾಸಿನಿಂದ ಹೊರಗೆ ಹಾಕಿ, ನದಿಯಾಚೆ ಈಚೆಯ ಬಂಡೆಗಳ ನಡುವೆ ಡೇರೆ ಹೊಡೆಸಿ, ಒಂಟಿಗುಂಡು ಎಂಬ ದೊಡ್ಡ ಬಂಡೆ ಹತ್ತಿಸಿ, ಹಗ್ಗ ಹಿಡಿದು ಇಳಿಸಿ, ಹರಿಗೋಲು ನಡೆಸಿ, ಸೌದೆ ಒಲೆಯ ಮೇಲೆ ಅನ್ನ ಮಾಡಿಸುತ್ತಾರೆ. ಕೊನೆಗೆ ಒಂದು ದಿನ ಪಾಲಕರನ್ನೂ ಕರೆಸುತ್ತಾರೆ. ಸಾಹಸ ಕಲಿಕೆ ಎಂದು ಅದಕ್ಕೆ ಹೆಸರು. ಹೆದರಿಕೆ ಹೋಗಬೇಕು, ಒಬ್ಬರನ್ನೊಬ್ಬರು ನಂಬಬೇಕು ಎನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ಅದನ್ನು ನಮ್ಮ ಓಣಿಯ ಮುಂದೆ ವಿವರಿಸುವ ಸಾಹಸವನ್ನು ಯಾರೂ ಕಲಿಸಿರಲಿಲ್ಲ.

ಒಂದು ಸಂಜೆ ವಿರುಪಣ್ಣ ನಮ್ಮ ಕಟ್ಟೆಗೆ ಬಂದು ಕುಳಿತ. ಮುಖ ಅರಳಿತ್ತು.

"ಮಾಸ್ತರ್ರ, ಮಗಳು ಫೋನ್ ಮಾಡಿದ್ಳು. ಕೂಗಿ ಮಾತಾಡಿದ್ಳ್ರಿ! ನಾನ ಫೋನ್ ಕಿವಿಯಿಂದ ದೂರ ಹಿಡೀಬೇಕಾತು."

"ಏನಂದಳು?"

"ಅವರ ಗುಂಪಿನಾಗ ಹಗ್ಗ ಹಿಡಿಯೋ ಕೆಲಸ ಆಕಿಗೆ ಕೊಟ್ಟಾರಂತ. ಮ್ಯಾಲಿಂದ ಯಾರಾದ್ರೂ ಇಳಿಯಾಕತ್ತಿದ್ರ ಕೆಳಗ ನಿಂತು ಹಗ್ಗ ಹಿಡೀಬೇಕು. ಎಲ್ಲಾರ್ಗೂ ಕೊಡಾಂಗಿಲ್ಲಂತ, ನಂಬಿಕಸ್ಥರಿಗೆ ಅಷ್ಟ ಕೊಡ್ತಾರಂತ." ಅವನು ಕಣ್ಣು ಒರೆಸಿಕೊಂಡ. ನಮ್ಮಲ್ಲಿ ಗಂಡಸರು ಧೂಳು ಬಿತ್ತೆಂದು ಕಣ್ಣು ಒರೆಸಿಕೊಳ್ಳುತ್ತಾರೆ. ಆ ದಿನ ಗಾಳಿಯೇ ಇರಲಿಲ್ಲ.

ಸುದ್ದಿ ಸಂತೋಷದ್ದೇ. ಆದರೆ ಹಂಪವ್ವ ಅದನ್ನು ಬೇವೂರಿನಲ್ಲಿರುವ ತನ್ನ ಅಣ್ಣ ಗಿಡ್ಡಪ್ಪನಿಗೂ ಮುಟ್ಟಿಸಿದಳು.

ಗಿಡ್ಡಪ್ಪ ಎಂಬ ಹೆಸರು ಕೇಳಿ ಮೋಸ ಹೋಗಬಾರದು. ಯಾರ ಮನೆಯ ಬಾಗಿಲನ್ನೂ ಅವನು ತಲೆ ಬಗ್ಗಿಸದೆ ಹೊಕ್ಕವನಲ್ಲ, ಹೊಕ್ಕ ಮೇಲೆ ಯಾರ ಮುಂದೆಯೂ ತಲೆ ಬಗ್ಗಿಸಿದವನಲ್ಲ. ಹುಡುಗಿಯ ಸೋದರಮಾವ ಬೇರೆ. ಆ ಮನೆಯಲ್ಲಿ ಅಮೃತಾಳ ಕಿವಿ ಚುಚ್ಚಿಸಿದ್ದರಿಂದ ಹಿಡಿದು ಕಾಲೇಜಿಗೆ ಹಾಕುವತನಕ ಎಲ್ಲಕ್ಕೂ ಅವನ ಹೂಂ ಬೇಕು. ಮಾರನೆಯ ದಿನ ಮೊದಲ ಬಸ್ಸಿಗೇ ಬಂದ. ಬಂದವನು ಚಾ ಕೂಡ ಕುಡಿಯಲಿಲ್ಲ. ನನ್ನನ್ನೂ ಕರೆಸಿದರು, ಕಾಲೇಜು ಹೇಳಿದ ತಪ್ಪಿಗೆ.

"ಏನವಾ ತಂಗಿ, ಹುಡುಗೀನ ಹಗ್ಗಕ್ಕ ಕಟ್ಟಿ ಗುಂಡಿನ ಮ್ಯಾಲಿಂದ ಬಿಡ್ತಾರಂತಲ್ಲ? ಬಾವ್ಯಾಗ ಕೊಡ ಬಿಟ್ಟಂಗ?"

"ಸಾಹಸ ಕಲಿಕಿ ಅಂತ ಅಣ್ಣಾ," ಎಂದಳು ಹಂಪವ್ವ.

"ಅದನ್ನ ಕಲಿಯಾಕ ಗಂಗಾವತಿಗೆ ಯಾಕ ಹೋಗಬೇಕು? ನಮ್ಮ ಹೊಲಕ್ಕ ಬಂದು ಬಿಸಲಾಗ ಸಜ್ಜಿ ಕೊಯ್ಯಲಿ, ಸಾಹಸ ತಾನ ಬರತೈತಿ. ಆ ಕಾಲೇಜ್ ಸಾಕು. ಕುಷ್ಟಗ್ಯಾಗ ನನ್ನ ಹಿರಿ ಮಗಳ ಮನಿ ಐತಿ. ಅಲ್ಲಿದ್ದು ಅಲ್ಲೇ ಓದ್ಲಿ. ನೆಲದ ಮ್ಯಾಲ ಕುಂತು ಓದೋ ಕಾಲೇಜ್ ಅದು."

ನಾನು ಫಾದರ್ ಕಾಲೇಜಿನ ಪ್ರಯೋಗಾಲಯದ ಬಗ್ಗೆ ನಾಲ್ಕು ಮಾತು ಹೇಳಲು ಹೋದೆ. ಗಿಡ್ಡಪ್ಪ ನನ್ನತ್ತ ತಿರುಗಿದ. ಪ್ರಯೋಗಾಲಯದ ಬಗ್ಗೆ ನನಗೂ ಅಷ್ಟೇನೂ ಗೊತ್ತಿಲ್ಲವೆಂದು ಆಗ ನೆನಪಾಯಿತು.

ಆಗ ವಿರುಪಣ್ಣ ಬಾಯಿ ಬಿಟ್ಟ. ಮಗಳು ಫೋನಿನಲ್ಲಿ ಕೂಗಿದ ಧ್ವನಿ ಇನ್ನೂ ಅವನ ಕಿವಿಯಲ್ಲಿತ್ತು ಎಂದು ಕಾಣುತ್ತದೆ. ಇಲ್ಲದಿದ್ದರೆ ಅವನು ಹೆಂಡತಿಯ ಅಣ್ಣನೆದುರು ಮಾತಾಡುವ ಮನುಷ್ಯನೇ ಅಲ್ಲ.

"ಅದ್ರಾಗೇನು ಹೆದರೂದೈತ್ರಿ ಮಾವಾರ? ಆ ಒಂಟಿಗುಂಡು ನಾನ ಹತ್ತಿ ಇಳದೀನಿ."

"ನೀನಾ?" ಗಿಡ್ಡಪ್ಪ ಕೇಳಿದ.

"ಹೂಂನ್ರಿ. ಸಣ್ಣಾಂವ ಇದ್ದಾಗ, ಹುಲಿಗಿಗೆ ಹೋದಾಗ ಹಂಗ ಆ ಕಡೆ ಹೋಗಿದ್ದೆ. ಉಡ ಇಳದಂಗ ಇಳದಿದ್ದೆ."

"ಹಗ್ಗ ಹಿಡಕೊಂಡು?"

"ಹಗ್ಗ ಯಾಕ್ರಿ?"

ಈ ಒಂದು ಮಾತು ಅವನನ್ನು ಕೆಡಿಸಿತು. ಸುಳ್ಳು ಹೇಳುವುದು ಮನುಷ್ಯನ ಸಹಜ ಗುಣ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ಜಾಣತನ. ದಿನವಿಡೀ ನಿಲ್ಲಿಸುವುದೇ ಉದ್ಯೋಗವಾಗಿದ್ದ ಮನುಷ್ಯ ಆ ಹೊತ್ತು ನಿಲ್ದಾಣ ದಾಟಿ ಹೋಗಿಬಿಟ್ಟ.

ಗಿಡ್ಡಪ್ಪ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಛಲೋ ಆತು. ಶನಿವಾರ ಹಡದವರನ್ನೆಲ್ಲ ಕರದಾರಂತಲ್ಲ? ಎಲ್ಲಾರೂ ಹೋಗೂಣು. ನೀ ಹತ್ತಿ ಇಳಿ, ನಾ ನೋಡ್ತೀನಿ. ನಗನಗತಾ ಇಳದಿ ಅಂದ್ರ ಹುಡುಗಿ ಅಲ್ಲೇ ಓದ್ಲಿ. ಇಲ್ಲಂದ್ರ ಅವತ್ತ ಪೆಟಗಿ ಕಟ್ಟಿಸಿ ಕುಷ್ಟಗಿಗೆ ಕರಕೊಂಡು ಹೋಗ್ತೀನಿ."

ಅವನು ಹೋದ ಮೇಲೆ ವಿರುಪಣ್ಣ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

"ಮಾಸ್ತರ್ರ, ಒಂಟಿಗುಂಡು ಅಂದ್ರ ಎಷ್ಟು ಎತ್ತರ ಇರಬಹುದ್ರಿ?"

"ನೀ ಹತ್ತಿಲ್ಲೇನು?"

"ನಾ ಹತ್ತಿದ್ದು ಬಸ್ಸಿನ ಹಿಂದಿನ ಏಣಿ ಅಷ್ಟ. ಅದೂ ಲಗೇಜ್ ಇದ್ರ."

ನಾನು ಓದಿದವನು, ಸಲಹೆ ಕೊಡುವುದು ನನ್ನ ಧರ್ಮ. ಅಭ್ಯಾಸ ಮಾಡಿದರೆ ಯಾವುದೂ ಕಷ್ಟವಲ್ಲ ಎಂದೆ. ಅವನು ಆ ಮಾತನ್ನು ನಂಬಿದ. ಮರುದಿನ ಡ್ಯೂಟಿ ಮುಗಿಸಿ ಬಂದವನೇ ನಮ್ಮ ಮನೆಯ ಮಾಳಿಗೆ ಹತ್ತಿ, ನೀರಿನ ಟಾಕಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅಂಚಿಗೆ ಬೆನ್ನು ಮಾಡಿ ನಿಂತ. ನಿಂತವನು ನಿಂತೇ ಇದ್ದ. ಕಾಲು ಹಿಂದೆ ಹೋಗಲೊಲ್ಲದು, ಮರ್ಯಾದೆ ಮುಂದೆ ಬರಗೊಡಲೊಲ್ಲದು.

ಅಷ್ಟರಲ್ಲಿ ಎದುರು ಮನೆಯ ಸರ್ದಾರಬೀ ಹೊರಗೆ ಬಂದಳು. ಬಳೆ ಮಾರುವ ಮುದುಕಿ, ಓಣಿಯ ಸುದ್ದಿಯೆಲ್ಲ ಅವಳ ಬಳೆಯ ಪೆಟ್ಟಿಗೆಯ ಜೊತೆಗೇ ಮನೆಮನೆಗೆ ಹೋಗುತ್ತದೆ.

"ಏ ವಿರುಪಣ್ಣ, ಮ್ಯಾಲ ಏನು ಮಾಡಾಕತ್ತೀಯಪಾ?"

"ಇಳಿಯಾಕತ್ತೀನಿ ಚಾಚಿ."

"ಇಳಿಯೋದೊಳಗ ಜರಾ ನಮ್ಮ ಮಾಳಿಗಿಗೆ ದಾಟಿ ಆ ಡಿಶ್ ತಿರುವು. ಎರಡು ದಿನದಿಂದ ಟೀವಿಯಾಗ ಬರೇ ಚುಕ್ಕಿ."

ವಿರುಪಣ್ಣನಿಗೆ ಇಳಿಯದಿರಲು ಒಂದು ಕಾರಣ ಸಿಕ್ಕಿದ್ದೇ ಸಾಕಾಯಿತು. ನಮ್ಮ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನು ದಾಟಿಹೋಗಿ ಡಿಶ್ ತಿರುವಿದ. ಅದನ್ನು ಕಂಡು ಮತ್ತೊಬ್ಬರು ಮಾಳಿಗೆಯ ಮೇಲಿನ ಕುಂಬಳಕಾಯಿ ಕೊಡೆಂದರು. ಇನ್ನೊಬ್ಬರ ಹುಡುಗರ ಗಾಳಿಪಟ ಬೇವಿನ ಟೊಂಗೆಗೆ ಸಿಕ್ಕಿತ್ತು. ಕತ್ತಲಾಗುವತನಕ ವಿರುಪಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಓಣಿಯ ಮಾಳಿಗೆಗಳ ಮೇಲೆ ಓಡಾಡಿದ. ಕೊನೆಗೆ ನಮ್ಮ ಮನೆಯ ಮೆಟ್ಟಿಲಿನಿಂದಲೇ ಇಳಿದು ಬಂದ. ಆದರೆ ಅದನ್ನು ನೋಡಿದವನು ನಾನೊಬ್ಬನೇ. ಬೆಳಗಾಗುವಷ್ಟರಲ್ಲಿ ಸರ್ದಾರಬೀಯ ಬಾಯಿಂದ ಊರಿಗೆಲ್ಲ ತಿಳಿದಿತ್ತು, ಕಂಡಕ್ಟರ್ ವಿರುಪಣ್ಣ ಗುಂಡು ಹತ್ತುವುದರಲ್ಲಿ ಭಾರಿ ಪಳಗಿದವನು, ಫಾದರ್ ಕಾಲೇಜಿನವರು ಮಕ್ಕಳಿಗೆ ತೋರಿಸಲು ಅವನನ್ನು ಕರೆಸಿದ್ದಾರೆ. ಬಸ್ಸಿನಲ್ಲಿ ಜನ ಟಿಕೆಟ್ ಕೇಳುವ ಬದಲು ಒಂಟಿಗುಂಡಿನ ಬಗ್ಗೆ ಕೇಳತೊಡಗಿದರು. ಪಾಪ, ಅವನಿಗೆ ಇಲ್ಲ ಎನ್ನಲು ಬರುವುದಿಲ್ಲ. ಕುಕನೂರು ದಾಟುವಷ್ಟರಲ್ಲಿ ಅವನು ಇನ್ನೂ ಎರಡು ಗುಂಡು ಹತ್ತಿ ಇಳಿದಿದ್ದ.

ಶನಿವಾರ ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಸಿ ಹೊರಟೆವು. ಬಂಡೆ ನೋಡಲಿಕ್ಕೆಂದು ಹೋಗುವವರು ಸುಮ್ಮನೆ ಹೋಗಬಹುದಿತ್ತು. ಆದರೆ ನಮ್ಮವರಿಗೆ ನದಿ ಕಡೆಗೆ ಹೋಗುವುದೆಂದರೆ ಬುತ್ತಿ ಇಲ್ಲದೆ ಆಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಎಣ್ಣೆಗಾಯಿ, ಹೋಳಿಗೆ ಎಲ್ಲ ಗಂಟು ಗಂಟಾಗಿ ನಮ್ಮ ಕಾಲ ಮೇಲೆ ಕುಳಿತವು. ಸರ್ದಾರಬೀ ಯಾರೂ ಕರೆಯದಿದ್ದರೂ ಮೊದಲೇ ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದಳು. ಗಿಡ್ಡಪ್ಪ ಮುಂದಿನ ಸೀಟಿನಲ್ಲಿದ್ದ. ವಿರುಪಣ್ಣ ರಜೆ ಹಾಕಿದ್ದರೂ ಖಾಕಿ ಅಂಗಿ ಪ್ಯಾಂಟು ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡಿದ್ದ. ಅದಿದ್ದರೆ ಧೈರ್ಯ ಇರುತ್ತದೆಂದು ನನ್ನ ಕಿವಿಯಲ್ಲಿ ಹೇಳಿದ.

ಹಿಟ್ನಾಳ ದಾಟಿದ ಮೇಲೆ ಹಂಪವ್ವ ಹುಲಿಗಿಯ ದಿಕ್ಕಿಗೆ ತಿರುಗಿ ಕೈ ಮುಗಿದಳು. ವಿರುಪಣ್ಣನ ಬೆನ್ನು ನೆಟ್ಟಗಾಯಿತು.

"ನಮ್ಮವ್ವ ಹುಲಿಗೆಮ್ಮ, ಇವರು ಸುಸೂತ್ರ ಇಳದ್ರ ಇವರ ಕಡಿಂದ ನಿನಗ ದೀಡ ನಮಸ್ಕಾರ ಹಾಕಸ್ತೀನಿ."

"ಲೇ, ನಾನ ಇಳಿಯೋದು, ನಾನ ನಮಸ್ಕಾರ ಹಾಕೋದಾ?" ವಿರುಪಣ್ಣ ಮೆಲ್ಲಗೆ ಕೇಳಿದ.

"ಇಳದಿದ್ದು ನಿಮಗ ಛಲೋ ಅಲ್ಲೇನು? ಮತ್ತ ನೀವ ಹಾಕಬೇಕು."

ತರ್ಕ ಗಟ್ಟಿಯಾಗಿತ್ತು. ಸರ್ದಾರಬೀ ತನ್ನ ಕಡೆಯಿಂದ ದರ್ಗಾಕ್ಕೆ ಸಕ್ಕರೆ ಹಂಚಿಸುವುದಾಗಿ ಹೇಳಿ, ಅದನ್ನು ಹೊತ್ತುಕೊಂಡು ಹೋಗಿ ಹಂಚುವವನು ವಿರುಪಣ್ಣ ಎಂದು ಸೇರಿಸಿದಳು.

ಶಿಬಿರದಲ್ಲಿ ನಮ್ಮನ್ನು ಎದುರುಗೊಂಡವರು ಪ್ರಿನ್ಸಿಪಾಲ್ ಫಾದರ್ ಚೌರಪ್ಪ. ಬಿಳಿ ನಿಲುವಂಗಿ, ತಲೆಯ ಮೇಲೆ ಬಿಸಿಲಿಗೆ ಹುಲ್ಲಿನ ಟೊಪ್ಪಿಗೆ, ನಗುಮುಖ. ಪಾಲಕರು ಯಾರೂ ಹತ್ತಲು ಮುಂದೆ ಬರುವುದಿಲ್ಲವೆಂದು ಅವರಿಗೆ ಪ್ರತಿವರ್ಷದ ಕೊರಗು. ಗಿಡ್ಡಪ್ಪ ವಿರುಪಣ್ಣನನ್ನು ಮುಂದೆ ನೂಕಿ, "ಇಂವ ಹಗ್ಗಿಲ್ಲದ ಹತ್ತಿ ಇಳದಾಂವ್ರಿ ಫಾದರ್. ಇವತ್ತ ಹಗ್ಗ ಹಚ್ಚಿ ಇಳೀತಾನಂತ, ನಿಮ್ಮ ಮರ್ಯಾದಿಗೆ," ಎಂದಾಗ ಅವರು ಎರಡೂ ಕೈಯಿಂದ ವಿರುಪಣ್ಣನ ಕೈ ಹಿಡಿದು ಅಲುಗಾಡಿಸಿದರು. ಆ ಕೈ ಮೊದಲೇ ಅಲುಗಾಡುತ್ತಿತ್ತು. ಫಾದರ್ ಅದನ್ನು ಉತ್ಸಾಹ ಎಂದುಕೊಂಡರು. ಮಕ್ಕಳನ್ನೆಲ್ಲ ಕೂಡಿಸಿ ಚಪ್ಪಾಳೆ ಹೊಡೆಸಿದರು.

ಅಮೃತಾ ಗುಂಪಿನಿಂದ ಓಡಿ ಬಂದಳು. ತಲೆಗೆ ಕೆಂಪು ಹೆಲ್ಮೆಟ್ಟು, ಕೈಗೆ ಚರ್ಮದ ಕೈಗವಸು, ಮುಖ ಬಿಸಿಲಿಗೆ ಕಂದಿತ್ತು. ನಾನು ಕಂಡ ಹುಡುಗಿಯೇ ಹೌದೋ ಅಲ್ಲವೋ ಎನ್ನಿಸಿತು. ಅಪ್ಪನನ್ನು ಸ್ವಲ್ಪ ಪಕ್ಕಕ್ಕೆ ಕರೆದಳು. ಅಲ್ಲಿ ನಾನೂ ಇದ್ದೆ.

"ಅಪ್ಪಾ, ಖರೇ ಹೇಳು. ನೀ ಎಂದಾರ ಹತ್ತೀಯೇನು?"

"ಇಲ್ಲವಾ."

"ಮತ್ತ ಯಾಕ ಹಂಗ ಹೇಳಿದಿ?"

"ನಿಮ್ಮ ಮಾವ ಕುಷ್ಟಗಿ ಅಂದ. ನನಗ ಬ್ಯಾರೆ ಏನೂ ಹೊಳೀಲಿಲ್ಲ."

ಕುಷ್ಟಗಿ ಎಂಬ ಮಾತು ಕೇಳಿ ಅವಳ ಮುಖ ಸಣ್ಣದಾಯಿತು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು. "ಹಗ್ಗ ನಾನ ಹಿಡೀತೀನಿ. ಕೆಳಗ ನೋಡಬ್ಯಾಡ. ನೀ ನಿಲ್ಲಸು ಅಂದ್ರ ನಿಲ್ಲಸ್ತೀನಿ, ಬಿಡು ಅಂದ್ರ ಬಿಡ್ತೀನಿ. ನೀ ಹೇಳಿದ್ದ ಬಿಟ್ಟು ಬ್ಯಾರೆ ಯಾರ ಮಾತೂ ಕೇಳಾಂಗಿಲ್ಲ. ಅದ ಇಲ್ಲಿ ಮೊದಲನೇ ಪಾಠ."

ಒಂಟಿಗುಂಡನ್ನು ನಾನು ಆಗ ಸರಿಯಾಗಿ ನೋಡಿದೆ. ಹಿಂದಿನಿಂದ ಹತ್ತಲು ಕಾಲುದಾರಿ ಇತ್ತು, ಅದು ಆಡಿನ ಮರಿಯೂ ಹತ್ತುವಂಥದು. ಆದರೆ ಮುಂಭಾಗ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಅದರ ನೆತ್ತಿ ನೋಡಲು ಹೋಗಿ ಸರ್ದಾರಬೀಯ ತಲೆಯ ಮೇಲಿನ ಸೆರಗು ಜಾರಿತು.

ಮೇಲೆ ತರಬೇತುಗಾರ ಗೌತಮ ಎಂಬ ಯುವಕ ವಿರುಪಣ್ಣನ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದ. ಹಗ್ಗ ಅವನ ಸೊಂಟದಿಂದ ಹೊರಟು, ಮೇಲಿನ ಕಬ್ಬಿಣದ ಬಳೆಯಲ್ಲಿ ತೂರಿ, ಕೆಳಗೆ ಅಮೃತಾಳ ಸೊಂಟದ ಕೊಂಡಿಗೆ ಬಂದಿತ್ತು. ಅವಳ ಹಿಂದೆ ಇನ್ನೊಬ್ಬಳು ಹುಡುಗಿ ಹಗ್ಗದ ಬಾಲ ಹಿಡಿದು ನಿಂತಳು. ವಿರುಪಣ್ಣ ಅಂಚಿಗೆ ಬೆನ್ನು ಮಾಡಿದ. ಕೆಳಗಿನಿಂದ ನಮಗೆ ಕಾಣುತ್ತಿದ್ದದ್ದು ಅವನ ಖಾಕಿ ಪ್ಯಾಂಟಿನ ಹಿಂಭಾಗ ಮಾತ್ರ.

"ರೈಟ್!" ಎಂದ ಮೇಲಿನಿಂದ. ಧ್ವನಿ ಗಟ್ಟಿಯಾಗಿತ್ತು. ಅಮೃತಾ ಹಗ್ಗ ಸಡಿಲಿಸಿದಳು. ವಿರುಪಣ್ಣ ಒಂದು ಹೆಜ್ಜೆ ಇಳಿದ, ಎರಡು ಹೆಜ್ಜೆ ಇಳಿದ. ಮಕ್ಕಳು ಚಪ್ಪಾಳೆ ಹೊಡೆದರು. ಗಿಡ್ಡಪ್ಪ ಹುಬ್ಬೇರಿಸಿದ. ನನಗೂ ಒಂದು ಗಳಿಗೆ ಇವನು ನಿಜವಾಗಿಯೂ ಹತ್ತಿದ್ದನೇನೋ ಎಂಬ ಅನುಮಾನ ಬಂತು.

ಅರ್ಧಕ್ಕೆ ಬಂದಾಗ ಬಂಡೆಯ ಸೀಳಿನಲ್ಲಿ ಒಂದು ಸಣ್ಣ ಅರಳಿ ಗಿಡ ಬೆಳೆದಿತ್ತು. ವಿರುಪಣ್ಣ ಅದನ್ನು ಹಿಡಿದ. ಹಿಡಿದವನು ಕೆಳಗೆ ನೋಡಿದ. ಅಷ್ಟೇ. ಸೀಟಿ ಬಾಯಿಗೆ ಹೇಗೆ ಹೋಯಿತೋ ಅವನಿಗೇ ಗೊತ್ತಿಲ್ಲ, ಉದ್ದಕ್ಕೆ ಒಂದು ಊದಿದ. ಅಮೃತಾ ಹಗ್ಗ ಬಿಗಿ ಹಿಡಿದಳು.

"ಗಿಡ ಬಿಡ್ರಿ ಸರ್, ಹಿಂದಕ್ಕ ಕೂಡ್ರಿ!" ಗೌತಮ ಮೇಲಿನಿಂದ ಕೂಗಿದ.

"ಎಲ್ಲಿ ಕೂಡ್ಲೋ ತಮ್ಮಾ, ಸೀಟ್ ಎಲ್ಲೈತಿ?"

ಮುಂದಿನ ಹೊತ್ತನ್ನು ನಮ್ಮವರು ಸಲಹೆಯಲ್ಲಿ ಕಳೆದರು. ಎಡಗಾಲು ಎಂದರು, ಬಲಗಾಲು ಎಂದರು. ಸರ್ದಾರಬೀ ಕಣ್ಣು ಮುಚ್ಚಿಕೋ ಎಂದಳು. ಕ್ರೂಸರಿನ ಡ್ರೈವರ್ ರಿವರ್ಸ್ ಬಾ ಎಂದ. ಹಂಪವ್ವ ಕೆಲಸ ಶುರು ಮಾಡಿದಳು. "ಅವ್ವಾ ಹುಲಿಗೆಮ್ಮ, ಇವರ ತಲಿ ಬೋಳಿಸ್ತೀನಿ! ಇವರ ಮೀಸಿ ಕೊಡ್ತೀನಿ! ಇವರನ್ನ ಒಂದು ವರ್ಷ ಚಪ್ಪಲಿಲ್ಲದ ಅಡ್ಡಾಡಸ್ತೀನಿ!"

"ಸಾಕು ಮಾಡ ಮಾರಾಯ್ತಿ!" ಮೇಲಿನಿಂದ ಕೂಗು ಬಂತು. "ಇಳದ ಮ್ಯಾಲ ನನಗ ಬದುಕಾಕ ಏನಾರ ಉಳಸು!"

ಫಾದರ್ ಚೌರಪ್ಪ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಸರ್ದಾರಬೀ ಅವರ ನಿಲುವಂಗಿಯ ತೋಳು ಎಳೆದಳು. "ಫಾದರ್, ನಿಮ್ಮ ಹರಕಿ ಯಾರ ಹೆಸರಿಗಿ?"

"ಹರಕಿ ಅಲ್ಲಮ್ಮಾ, ಪ್ರಾರ್ಥನೆ. ನಮ್ಮಲ್ಲಿ ಅವರವರದು ಅವರವರೇ ತೀರಿಸಬೇಕು."

"ಹೌದೇನು?" ಸರ್ದಾರಬೀ ಬೆರಗಾಗಿ ಹಂಪವ್ವನ ಕಡೆ ನೋಡಿದಳು. ಹಂಪವ್ವನಿಗೆ ಇದು ಬಹಳ ಅಪಾಯದ ಪದ್ಧತಿ ಎನ್ನಿಸಿರಬೇಕು, ಮುಖ ತಿರುಗಿಸಿದಳು.

ಈಗ ಗಿಡ್ಡಪ್ಪ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಸಾಕು ಆಟ. ಗಂಡಸ ಹಿಂಗ ಜೋತಾಡಾಕತ್ತಾನ, ಹುಡುಗೀನ ಇಲ್ಲಿ ಬಿಡಾಂವ ನಾನಲ್ಲ. ಅಮೃತಾ, ನಿಮ್ಮಪ್ಪನ್ನ ಇಳಿಸು, ಪೆಟಗಿ ಕಟ್ಟು. ಸಂಜಿಗೆ ಕುಷ್ಟಗಿ."

ಅಮೃತಾಳ ಕೈ ಹಗ್ಗದ ಮೇಲಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಆದರೆ ಒರೆಸಿಕೊಳ್ಳಲು ಅವಳು ಕೈ ಬಿಡಲಿಲ್ಲ. ಮೇಲೆ ನೋಡಿ, "ಅಪ್ಪಾ, ಗಿಡ ಬಿಡು, ಇಳಿಸ್ತೀನಿ," ಎಂದಳು. ಧ್ವನಿ ಮತ್ತೆ ಹಳೆಯ ಹಾಜರಿಯ ಧ್ವನಿಯಾಗಿತ್ತು.

ವಿರುಪಣ್ಣ ಗಿಡ ಬಿಟ್ಟ. ಅವನ ಕಾಲು ಬಂಡೆಯಿಂದ ಜಾರಿ, ಇಡೀ ಮೈ ಹಗ್ಗದ ಮೇಲೆ ನೇತಾಡಿತು. ಹಂಪವ್ವ ಚೀರಿದಳು. ಅವನು ಒಂದು ಸುತ್ತು ತಿರುಗಿ ನಮ್ಮ ಕಡೆ ಮುಖವಾದ. ಅಮೃತಾ ಇನ್ನೇನು ಹಗ್ಗ ಸಡಿಲಿಸಬೇಕು, ಅಷ್ಟರಲ್ಲಿ ಕೂಗು ಬಂತು.

"ಹೋಲ್ಡಾನ್!"

ಹಗ್ಗ ನಿಂತಿತು.

"ನಾ ಇಳಿಯಾಂಗಿಲ್ಲ," ಎಂದ ವಿರುಪಣ್ಣ.

ಇಷ್ಟು ಹೊತ್ತು ಗಿಡ ಹಿಡಿದುಕೊಂಡು ಗೋಳಾಡಿದ ಮನುಷ್ಯ ಇವನೇ. ನಾವೆಲ್ಲ ಬಾಯಿ ತೆರೆದು ನಿಂತೆವು.

"ಏನಂದಿ?" ಗಿಡ್ಡಪ್ಪ ಕೇಳಿದ.

"ಇಳಿಯಾಂಗಿಲ್ಲ ಅಂದೆ ಮಾವಾರ. ನಾ ಇಳದ್ರ ಹುಡುಗಿ ಕುಷ್ಟಗಿಗೆ ಹೋಕ್ಕಾಳ. ಆಕಿ ಇಲ್ಲೇ ಓದ್ಲಿ ಅಂತ ನೀವು ಅನ್ನೋತನ ನಾ ಇಲ್ಲೇ ಇರಾಂವ. ಗಾಳಿ ಛಲೋ ಐತಿ."

"ಹುಚ್ಚ ಹಿಡದೈತೇನೋ ನಿನಗ?"

"ಹೂಂನ್ರಿ."

ಗಿಡ್ಡಪ್ಪ ಅಮೃತಾಳ ಕಡೆ ತಿರುಗಿದ. "ಇಳಿಸಬೇ ಅವನ್ನ."

"ಅಪ್ಪ ಹೋಲ್ಡಾನ್ ಅಂದಾನ ಮಾವಾ," ಎಂದಳು ಅಮೃತಾ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಧ್ವನಿ ಮಾತ್ರ ಬಂಡೆಯತನಕ ಕೇಳುವ ಹಾಗಿತ್ತು. "ಹಗ್ಗದ ಮ್ಯಾಲ ಇದ್ದೋರ ಮಾತು ಅಷ್ಟ ಕೇಳಬೇಕು. ನೀ ಹೇಳಿದ್ರೂ ಇಲ್ಲ, ಫಾದರ್ ಹೇಳಿದ್ರೂ ಇಲ್ಲ."

ಗಿಡ್ಡಪ್ಪ ಫಾದರ್ ಚೌರಪ್ಪನವರನ್ನು ನೋಡಿದ. ಫಾದರ್ ಎರಡೂ ಕೈ ಅಗಲಿಸಿದರು. "ಹೌದ್ರಿ. ನಾನೇ ಕಲಿಸಿದ್ದು. ಈಗ ನಾನೇ ಹೆಂಗ ಮುರೀಲಿ?"

ಬಿಸಿಲು ಏರಿತು. ಅಡುಗೆಯ ಕಡೆಯಿಂದ ಅನ್ನ ತಣ್ಣಗಾಗುತ್ತದೆಂದು ಯಾರೋ ಹೇಳಿಕಳಿಸಿದರು. ಯಾರೂ ಕದಲಲಿಲ್ಲ. ವಿರುಪಣ್ಣ ಮೇಲೆ ನೇತಾಡುತ್ತ ನಿಧಾನವಾಗಿ ಒಮ್ಮೆ ನದಿಯ ಕಡೆಗೆ, ಒಮ್ಮೆ ನಮ್ಮ ಕಡೆಗೆ ತಿರುಗುತ್ತಿದ್ದ. ಗಂಡ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾನೆ, ಆದರೂ ಇಳಿಸೆನ್ನುವುದಿಲ್ಲ ಎಂಬುದು ಹಂಪವ್ವನಿಗೆ ಕಂಡಿತು. ಅವಳು ಅಣ್ಣನ ಮುಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹುಲಿಗಿಯ ದಿಕ್ಕಿಗೆ ಕೈ ಎತ್ತಿದಳು.

"ಅವ್ವಾ ಹುಲಿಗೆಮ್ಮ! ನನ್ನ ಗಂಡ ಸುಸೂತ್ರ ಇ‌ಳದ್ರ, ನಮ್ಮಣ್ಣನ ಕಡಿಂದ ನಿನಗ ದೀಡ ನಮಸ್ಕಾರ ಹಾಕಸ್ತೀನಿ!"

ಆ ಮನೆಯ ಚರಿತ್ರೆಯಲ್ಲಿ ಇಂಥ ಮಾತು ಹಿಂದೆಂದೂ ಬಂದಿರಲಿಲ್ಲ. ಮೇಲೆ ವಿರುಪಣ್ಣ ಒಂದು ಕಣ್ಣು ತೆರೆದ.

"ತಂಗೀ! ಏನು ಮಾತಂತ ಆಡ್ತೀ?" ಗಿಡ್ಡಪ್ಪ ಗಾಬರಿಯಾದ.

"ನಮ್ಮಣ್ಣನ ತಲಿ ಬೋಳಿಸ್ತೀನಿ!"

"ಲೇ, ಸುಮ್ಮನಿರ!"

"ನಮ್ಮಣ್ಣನ ಮೀಸಿ!" ಸರ್ದಾರಬೀ ಸೇರಿಸಿದಳು, ಸಂಬಂಧವಿಲ್ಲದಿದ್ದರೂ.

ಗಿಡ್ಡಪ್ಪನ ಕೈ ಮೀಸೆಗೆ ಹೋಯಿತು. ಆದರೆ ನಾನು ಹೇಳಬೇಕಾದ ಸತ್ಯವೆಂದರೆ ಅವನು ಸೋತದ್ದು ಮೀಸೆಗಲ್ಲ. ಅವನು ಆಗ ಅಮೃತಾಳ ಹತ್ತಿರ ಹೋಗಿ ಅವಳ ಕೈಗಳನ್ನೇ ನೋಡುತ್ತ ನಿಂತ. ಹಗ್ಗ ಹಿಡಿದ ಆ ಸಣ್ಣ ಕೈಗಳು ಒಂದಿಷ್ಟೂ ನಡುಗುತ್ತಿರಲಿಲ್ಲ. ಅವಳು ಮಾವನನ್ನು ನೋಡಲಿಲ್ಲ, ಅಳುವುದನ್ನು ನಿಲ್ಲಿಸಲಿಲ್ಲ, ಅಪ್ಪನಿಂದ ಕಣ್ಣು ತೆಗೆಯಲೂ ಇಲ್ಲ.

"ಕೈ ಸೋತಿಲ್ಲೇನವಾ?" ಅವನು ಕೇಳಿದ. ಈ ಧ್ವನಿ ಬೇರೆಯಾಗಿತ್ತು.

"ಇಲ್ಲ ಮಾವಾ."

"ಸಂಜಿತನ ಹಿಡೀ ಅಂದ್ರ?"

"ಹಿಡೀತೀನಿ."

ಗಿಡ್ಡಪ್ಪ ಬಂಡೆಯ ಕಡೆ ಮುಖ ಎತ್ತಿ, ಹೊಲದ ಆ ತುದಿಗೆ ಕೂಗುವವನ ಹಾಗೆ ಕೂಗಿದ. "ವಿರುಪಣ್ಣಾ! ಇಲ್ಲೇ ಓದ್ಲಿ! ಇಳಿಯಪಾ ಇನ್ನ!"

"ಖರೇನ್ರಿ?"

"ಖರೇ! ಇಷ್ಟು ಮಂದಿ ಮುಂದ ಹೇಳೀನಿ!"

ವಿರುಪಣ್ಣ ಸೀಟಿ ಎರಡು ಸಲ ಊದಿದ. ಅಮೃತಾ ಅವನನ್ನು ಮೆಲ್ಲಗೆ, ತುಂಬಿದ ಹಾಲಿನ ಗಡಿಗೆ ಇಳಿಸುವ ಹಾಗೆ ಇಳಿಸಿದಳು. ಮಕ್ಕಳ ಕೂಗಿಗೆ ನದಿಯ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ನೆಲ ಮುಟ್ಟಿದೊಡನೆ ವಿರುಪಣ್ಣ ಮಗಳ ಕಡೆ ಹೆಜ್ಜೆ ಹಾಕಲು ಹೋಗಿ ಹಗ್ಗಕ್ಕೆ ಎಡವಿದ. ಬೀಳುವ ಮೊದಲೇ ಗಿಡ್ಡಪ್ಪ ಅವನನ್ನು ಎರಡೂ ತೋಳಿನಲ್ಲಿ ಅವಚಿ ಹಿಡಿದ.

"ಮಾವಾರ," ಎಂದ ವಿರುಪಣ್ಣ ಅವನ ಎದೆಗೆ ಮುಖ ಒತ್ತಿಕೊಂಡೇ, "ನಾ ಜಲ್ಮದಾಗ ಯಾವ ಗುಂಡೂ ಹತ್ತಿಲ್ರಿ."

"ಅದು ನೀ ಉಡ ಅಂದಾಗ ಗೊತ್ತಾತು ಬಿಡು. ಮತ್ತ ಅಲ್ಲಿ ಹೆಂಗ ಇದ್ದಿ ಅಷ್ಟೊತ್ತು? ಹೆದರಿಕಿ ಆಗಲಿಲ್ಲೇನು?"

"ಭಾಳ ಆತ್ರಿ. ಆದ್ರ ಆಕಿ ಹಿಡದಿದ್ಳಲ್ರಿ."

ಹಂಪವ್ವ ಗಂಡನಿಗೆ ನೀರು ಕುಡಿಸಿದಳು, ಕುಡಿಸುತ್ತ ಅತ್ತಳು. ಸರ್ದಾರಬೀ ಬುತ್ತಿಯ ಗಂಟು ಬಿಚ್ಚಿ ಮಕ್ಕಳನ್ನೆಲ್ಲ ಕರೆದಳು. ಫಾದರ್ ಚೌರಪ್ಪ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಇಂಥ ಪಾಲಕರ ದಿನ ತಮ್ಮ ಸೇವೆಯಲ್ಲೇ ಕಂಡಿಲ್ಲ ಎಂದು ನನಗೆ ಹೇಳುತ್ತಿದ್ದರು. ನಾನು ಈ ಕಾಲೇಜು ಹೇಳಿದವನು ನಾನೇ ಎಂದು ಅವರಿಗೆ ಎರಡು ಸಲ ನೆನಪಿಸಿದೆ.

ಆಗ ನೋಡಿದರೆ ಗಿಡ್ಡಪ್ಪ ಊಟಕ್ಕೆ ಕುಳಿತಿರಲಿಲ್ಲ. ಒಂಟಿಗುಂಡಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಹಂಪವ್ವನ ಕೈಗೆ ಕೊಟ್ಟ, ಧೋತರವನ್ನು ಕಚ್ಚೆ ಬಿಗಿದು ಕಟ್ಟಿದ. ಗೌತಮನ ಹತ್ತಿರ ಹೋಗಿ, ತುಸು ತಗ್ಗಿದ ದನಿಯಲ್ಲಿ, ಆ ಸೊಂಟದ ಪಟ್ಟಿ ತನ್ನ ಅಳತೆಗೆ ಸಿಗುತ್ತದೆಯೇ ಎಂದು ವಿಚಾರಿಸಿದ. ಹಂಪವ್ವ ಅದನ್ನು ಕಂಡು ಹುಲಿಗಿಯ ಕಡೆ ತಿರುಗಿದಳು.

"ತಂಗೀ, ಕೈ ಕೆಳಗ ಇಳಸು!" ಗಿಡ್ಡಪ್ಪ ಗದರಿಸಿದ. ಆಮೇಲೆ ಅಮೃತಾಳ ಮುಂದೆ ಬಂದು ನಿಂತ. ತಲೆಗೆ ಹೆಲ್ಮೆಟ್ಟು ಹಾಕಿಸಿಕೊಳ್ಳಲು ಆ ಎತ್ತರದ ಮನುಷ್ಯ ಅವಳೆದುರು ಬಗ್ಗಿದ.

"ಹಗ್ಗ ನೀನ ಹಿಡೀಬೇಕು ನೋಡು," ಎಂದ. "ಬ್ಯಾರೆದೋರ ಕೈಯಾಗ ಕೊಟ್ರ ನಾ ಒಲ್ಲೆ."

ಅಮೃತಾ ರೊಟ್ಟಿ ಕೆಳಗಿಟ್ಟು ಕೈಗವಸು ಹಾಕಿಕೊಂಡಳು.